ಜಮೀನಿನ ಪತ್ರ, ಸಾಲದ ಕಂತು: ಖ್ಮೇರ್ ಹಳ್ಳಿಗಳಲ್ಲಿ ಮುಗಿಯದ ಯುದ್ಧ

ಕಾಂಬೋಡಿಯಾದ ಬಹುಸಂಖ್ಯಾತ ಜನರಾದ ಖ್ಮೇರ್ ರೈತರ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಜಮೀನಿನ ಪತ್ರ. ಆದರೆ ಲಕ್ಷಾಂತರ ಕುಟುಂಬಗಳ ಪತ್ರ ಇವತ್ತು ಅವರ ಮನೆಯಲ್ಲಿಲ್ಲ. ಸಾಲ ಕೊಟ್ಟ ಸಂಸ್ಥೆಯ ಬೀರುವಿನಲ್ಲಿದೆ. ಕಂತು ತಪ್ಪಿದರೆ ಗದ್ದೆ ಕೈಬಿಡುತ್ತದೆ. ಗದ್ದೆ ಉಳಿಸಿಕೊಳ್ಳಲು ಮಗಳು ಗಾರ್ಮೆಂಟ್ಸ್‌ಗೆ ಸೇರುತ್ತಾಳೆ, ಮಗ ಗಡಿ ದಾಟಿ ಥಾಯ್ಲೆಂಡಿಗೆ ಕೂಲಿಗೆ ಹೋಗುತ್ತಾನೆ. ಮೊಮ್ಮಕ್ಕಳನ್ನು ಅಜ್ಜಿ ನೋಡಿಕೊಳ್ಳುತ್ತಾಳೆ. ಆ ಅಜ್ಜಿ 1975ರಿಂದ 1979ರವರೆಗೆ ದೇಶ ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ಪೋಲ್ ಪಾಟ್ ಕಾಲದ ಹಸಿವನ್ನು ಕಂಡು ಬದುಕಿ ಬಂದವಳು.

ಸಾಲಕ್ಕೂ ಯುದ್ಧಕ್ಕೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸಬಹುದು. ನಮ್ಮಲ್ಲಿ ಕಾಂಬೋಡಿಯಾ ಅಂದರೆ ಎರಡೇ ನೆನಪು: ಅಂಕೋರ್ ವಾಟ್ ದೇವಾಲಯ, ತಲೆಬುರುಡೆಗಳ ರಾಶಿ. ಅಲ್ಲಿನ ಜನ ಇನ್ನೂ ಯಾಕೆ ಬಡವರು ಅಂತ ಕೇಳಿದರೆ ಪೋಲ್ ಪಾಟ್ ಕಡೆ ಬೆರಳು ತೋರಿಸಿ ಮಾತು ಮುಗಿಸುತ್ತೇವೆ. ಅದು ಅರ್ಧ ಸತ್ಯ. ಪೋಲ್ ಪಾಟ್ ಎಲ್ಲವನ್ನೂ ಸುಟ್ಟದ್ದು ನಿಜ. ಆದರೆ ಸುಟ್ಟ ನೆಲದ ಮೇಲೆ ಆಮೇಲೆ ಏನನ್ನು ಕಟ್ಟಿದರು, ಯಾರಿಗಾಗಿ ಕಟ್ಟಿದರು ಅನ್ನುವುದು ಬೇರೆ ಕತೆ. ಇವತ್ತಿನ ಖ್ಮೇರ್ ಹಳ್ಳಿ ಅರ್ಥವಾಗಬೇಕಾದರೆ ಆ ಎರಡನೇ ಕತೆ ಬೇಕು. ಅದನ್ನು ಹೇಳಲು ನೆಲದ ಹಕ್ಕಿನ ಜಾಡನ್ನೇ ಹಿಡಿದು ಹೋಗುವುದು ಒಳ್ಳೆಯದು.

ಉಳುಮೆಯಿಂದ ಬಾಂಬಿನವರೆಗೆ

ಹಳೆಯ ಕಾಂಬೋಡಿಯಾದಲ್ಲಿ ನೆಲವೆಲ್ಲ ರಾಜನದು ಅನ್ನುವುದು ಹೆಸರಿಗೆ ಮಾತ್ರ. ಕಾಡು ಕಡಿದು ಉತ್ತವನು, ಉಳುತ್ತಾ ಇರುವಷ್ಟು ಕಾಲ ಅದರ ಒಡೆಯ. ಬಿಟ್ಟುಹೋದರೆ ಇನ್ನೊಬ್ಬ ಬಂದು ಉಳಬಹುದಿತ್ತು. 1863ರಲ್ಲಿ ಫ್ರೆಂಚರು ಬಂದು ಕೂತರು. 1884ರ ಒಪ್ಪಂದದ ಮೂಲಕ ಖಾಸಗಿ ಆಸ್ತಿಯ ಪದ್ಧತಿ ತಂದರು. ಜಮೀನಿಗೆ ದಾಖಲೆ ಬಂತು. ದಾಖಲೆಯ ಹಿಂದೆಯೇ ಅಡಮಾನ ಬಂತು. 1953ರಲ್ಲಿ ಸ್ವಾತಂತ್ರ್ಯ ಸಿಕ್ಕಾಗ ಹೆಚ್ಚಿನ ರೈತರ ಹತ್ತಿರ ಸ್ವಂತದ ತುಂಡು ಭೂಮಿ ಇತ್ತು. ಜೊತೆಗೆ ಸಾಲವೂ ಇತ್ತು.

1967ರಲ್ಲಿ ಬಟ್ಟಂಬಾಂಗ್ ಪ್ರಾಂತ್ಯದ ಸಮ್ಲೌಟ್‌ನಲ್ಲಿ ರೈತರು ದಂಗೆ ಎದ್ದರು. ಸೈನಿಕರು ಬಂದು ಸರ್ಕಾರಿ ದರಕ್ಕೆ ಬತ್ತ ಎತ್ತಿಕೊಂಡು ಹೋಗುತ್ತಿದ್ದರು, ಜಮೀನಿನ ತಕರಾರೂ ಇತ್ತು. ಆಗ ದೇಶ ಆಳುತ್ತಿದ್ದ ರಾಜಕುಮಾರ ಸಿಹಾನೂಕ್ ಸರ್ಕಾರ ಆ ದಂಗೆಯನ್ನು ರಕ್ತ ಹರಿಸಿ ಅಡಗಿಸಿತು. ಕಾಡಿನಲ್ಲಿದ್ದ ಸಣ್ಣ ಕಮ್ಯುನಿಸ್ಟ್ ಗುಂಪಿಗೆ ಹಳ್ಳಿಗಾಡಿನ ಸಿಟ್ಟು ಎಷ್ಟು ದೊಡ್ಡದು ಅನ್ನುವುದು ಆಗ ಗೊತ್ತಾಯಿತು.

ಆಮೇಲೆ ಆಕಾಶದಿಂದ ಯುದ್ಧ ಬಂತು. ವಿಯೆಟ್ನಾಂ ಯುದ್ಧ ಮಾಡುತ್ತಿದ್ದ ಅಮೆರಿಕ, ಗಡಿಯಾಚೆಯ ವಿಯೆಟ್ನಾಂ ಪಡೆಗಳ ನೆಲೆಗಳನ್ನು ಹೊಡೆಯುವ ನೆಪದಲ್ಲಿ 1969ರ ಮಾರ್ಚ್‌ನಿಂದ ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬ್ ಹಾಕಿತು. ತನ್ನದೇ ಸಂಸತ್ತಿಗೂ ಸರಿಯಾಗಿ ಹೇಳಿರಲಿಲ್ಲ. 1970ರ ಮಾರ್ಚ್‌ನಲ್ಲಿ ಜನರಲ್ ಲೋನ್ ನೋಲ್ ಸಿಹಾನೂಕ್‌ರನ್ನು ಕೆಳಗಿಳಿಸಿದ ಮೇಲೆ ಯುದ್ಧ ಇಡೀ ದೇಶಕ್ಕೆ ಹಬ್ಬಿತು. 1973ರ ಆಗಸ್ಟ್ 15ರಂದು ಬಾಂಬ್ ದಾಳಿ ನಿಲ್ಲುವ ಹೊತ್ತಿಗೆ ಸುಮಾರು 5 ಲಕ್ಷ ಟನ್ ಬಾಂಬ್ ಬಿದ್ದಿತ್ತು. ನಿಲ್ಲುವುದಕ್ಕೆ ಒಂದು ವಾರ ಇರುವಾಗ ಮೆಕಾಂಗ್ ದಡದ ನೆಕ್ ಲೂಂಗ್ ಪಟ್ಟಣದ ಮೇಲೆ ಗುರಿ ತಪ್ಪಿ ಬಾಂಬ್ ಬಿದ್ದು 137 ಜನ ಸತ್ತರು. ಅದೂ ಅಮೆರಿಕದ ಮಿತ್ರ ಸರ್ಕಾರದ ಕೈಯಲ್ಲಿದ್ದ ಪಟ್ಟಣ.

ಗದ್ದೆ ಬಿಟ್ಟು ಓಡಿದ ಜನ ರಾಜಧಾನಿ ಫ್ನೋಮ್ ಪೆನ್‌ಗೆ ಸೇರಿದರು. ಕೆಲವೇ ಲಕ್ಷ ಜನರಿದ್ದ ನಗರ 1975ರ ಹೊತ್ತಿಗೆ 20 ಲಕ್ಷದ ಹತ್ತಿರ ಬಂದಿತ್ತು. ಬತ್ತ ರಫ್ತು ಮಾಡುತ್ತಿದ್ದ ದೇಶ ಅಮೆರಿಕದ ಅಕ್ಕಿಗೆ ಕಾಯುವಂತಾಯಿತು. ಹಳ್ಳಿಯಲ್ಲೇ ಉಳಿದ ಹುಡುಗರಲ್ಲಿ ಎಷ್ಟೋ ಜನ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್ ಸೇರಿದರು. ಬಾಂಬೇ ಪೋಲ್ ಪಾಟ್‌ನನ್ನು ಗೆಲ್ಲಿಸಿತು ಅಂತ ಹೇಳಿಬಿಟ್ಟರೆ ಜಾಸ್ತಿಯಾಯಿತು. ಆದರೆ ಬಾಂಬ್ ಇಲ್ಲದೆ ಅವನು ಅಷ್ಟು ಬೇಗ ಗೆಲ್ಲುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ

ಖ್ಮೇರ್ ಹಿರಿಯರು ಆ ಕಾಲವನ್ನು ಹೀಗೇ ದಿನದ ಲೆಕ್ಕದಲ್ಲಿ ಹೇಳುತ್ತಾರೆ. 1975ರ ಏಪ್ರಿಲ್ 17ರಿಂದ 1979ರ ಜನವರಿ 7ರವರೆಗೆ.

ಮೊದಲ ದಿನವೇ ಫ್ನೋಮ್ ಪೆನ್ ಖಾಲಿ ಮಾಡಿಸಿದರು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ದುಡ್ಡು ರದ್ದಾಯಿತು, ಮಾರುಕಟ್ಟೆ ರದ್ದಾಯಿತು, ಶಾಲೆ, ಕೋರ್ಟು, ಮಠ ಎಲ್ಲ ಮುಚ್ಚಿದವು. ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನೇ ಸಿಡಿಸಿದರು. ಜಮೀನಿನ ದಾಖಲೆಗಳು ನಾಶವಾದವು. ನಗರದಿಂದ ಬಂದವರು 'ಹೊಸ ಜನ', ಹಳ್ಳಿಯವರು 'ಹಳೆ ಜನ' ಅಂತ ಎರಡು ಜಾತಿ ಮಾಡಿದರು. ಹೆಕ್ಟೇರಿಗೆ ಮೂರು ಟನ್ ಬತ್ತ ಬೆಳೆಯಬೇಕು ಅನ್ನುವುದು ಮೇಲಿನ ಆದೇಶ. ಅದು ಆಗದ ಮಾತಾಗಿತ್ತು. ಕೆಳಗಿನ ಅಧಿಕಾರಿಗಳು ಹೆದರಿ ಸುಳ್ಳು ಲೆಕ್ಕ ಕೊಟ್ಟರು. ಆ ಲೆಕ್ಕದ ಪ್ರಕಾರ ಬತ್ತ ಹೊರಗೆ ಹೋಯಿತು, ಬೆಳೆದವರಿಗೆ ನೀರುಗಂಜಿ ಉಳಿಯಿತು.

ಇಲ್ಲಿ ಒಂದು ವಿಷಯದ ಮುಂದೆ ಸ್ವಲ್ಪ ನಿಲ್ಲಬೇಕು. ಮನೆಯಲ್ಲಿ ಅಡುಗೆ ಮಾಡುವುದನ್ನೂ ನಿಷೇಧಿಸಿದರು. ಪಾತ್ರೆ, ಸೌಟು ಕಿತ್ತುಕೊಂಡು ಎಲ್ಲರಿಗೂ ಒಂದೇ ಕಡೆ ಊಟ ಅಂದರು. ಮಕ್ಕಳನ್ನು ಬೇರೆ ಗುಂಪಿಗೆ ಹಾಕಿ, ಅಪ್ಪ ಅಮ್ಮನ ಮೇಲೆ ಕಣ್ಣಿಡಲು ಕಲಿಸಿದರು. ಗುರುತು ಪರಿಚಯ ಇಲ್ಲದ ಗಂಡು ಹೆಣ್ಣುಗಳನ್ನು ಸಾಲಾಗಿ ನಿಲ್ಲಿಸಿ ಮದುವೆ ಮಾಡಿಸಿದರು. ರಾತ್ರಿ ಅವರು ಒಟ್ಟಿಗೆ ಇದ್ದಾರೋ ಇಲ್ಲವೋ ಅಂತ ಕದ್ದು ನೋಡಲು ಜನ ಇಟ್ಟರು. ಸಾವಿನ ಲೆಕ್ಕದಲ್ಲಿ ಇದು ಬರುವುದಿಲ್ಲ. ಆದರೆ ಒಬ್ಬರನ್ನೊಬ್ಬರು ನಂಬುವುದು ಮುರಿದದ್ದು ಇಲ್ಲಿ, ಊಟದ ತಟ್ಟೆ ಮತ್ತು ಹಾಸಿಗೆಯ ಹತ್ತಿರ.

ಸಾವಿನ ಲೆಕ್ಕವೂ ಕಡಿಮೆಯದಲ್ಲ. ಸುಮಾರು 80 ಲಕ್ಷ ಜನರಲ್ಲಿ 17ರಿಂದ 20 ಲಕ್ಷ ಜನ ಹಸಿವು, ರೋಗ, ದುಡಿತ, ಕೊಲೆಯಿಂದ ಸತ್ತರು. ಚಾಮ್ ಮುಸ್ಲಿಮರನ್ನೂ ವಿಯೆಟ್ನಾಂ ಮೂಲದವರನ್ನೂ ಹುಡುಕಿ ಕೊಂದರು. ಫ್ನೋಮ್ ಪೆನ್‌ನ ಒಂದು ಹೈಸ್ಕೂಲು ಎಸ್-21 ಜೈಲಾಯಿತು. ಅಲ್ಲಿಗೆ ಹೋದ 14,000ಕ್ಕೂ ಹೆಚ್ಚು ಜನರಲ್ಲಿ ಬದುಕಿದವರು ಬೆರಳೆಣಿಕೆಯಷ್ಟು.

ಬಿಡುಗಡೆಯ ಮೇಲೆ ಸಿಕ್ಕ ಶಿಕ್ಷೆ

1979ರಲ್ಲಿ ವಿಯೆಟ್ನಾಂ ಸೇನೆ ಬಂದು ಪೋಲ್ ಪಾಟ್‌ನನ್ನು ಓಡಿಸಿತು. ಆಗ ಜಗತ್ತು ಕಾಂಬೋಡಿಯಾಕ್ಕೆ ಕೈ ಕೊಡಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ಶೀತಲ ಸಮರದ ಲೆಕ್ಕಾಚಾರದಲ್ಲಿ ವಿಯೆಟ್ನಾಂ ಸೋವಿಯತ್ ಕಡೆಯದ್ದು. ಹಾಗಾಗಿ ಚೀನಾ, ಅಮೆರಿಕ, ಥಾಯ್ಲೆಂಡ್ ಸೇರಿ ವಿಯೆಟ್ನಾಂ ಬೆಂಬಲದಿಂದ ಬಂದ ಫ್ನೋಮ್ ಪೆನ್‌ನ ಹೊಸ ಸರ್ಕಾರವನ್ನು ಒಪ್ಪಲಿಲ್ಲ. ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಪೋಲ್ ಪಾಟ್ ಸರ್ಕಾರದ ಪ್ರತಿನಿಧಿಯೇ ಕೂತಿದ್ದ. 1982ರ ನಂತರ ಖ್ಮೇರ್ ರೂಜ್ ಜೊತೆ ಸಿಹಾನೂಕ್ ಮತ್ತು ಇನ್ನೊಂದು ಗುಂಪು ಸೇರಿದ ಕೂಟಕ್ಕೆ ಆ ಜಾಗ ಹೋಯಿತು. ದೇಶ ಕಟ್ಟಲು ಬೇಕಾದ ಅಭಿವೃದ್ಧಿ ನೆರವು ಪಶ್ಚಿಮದಿಂದ ಬರಲೇ ಇಲ್ಲ. ತುರ್ತು ಪರಿಹಾರಕ್ಕೂ ನೂರೆಂಟು ಷರತ್ತು.

ಭಾರತ ಈ ಸಾಲಿನಲ್ಲಿ ನಿಲ್ಲಲಿಲ್ಲ. 1980ರ ಜುಲೈನಲ್ಲಿ ಇಂದಿರಾ ಗಾಂಧಿ ಸರ್ಕಾರ ಫ್ನೋಮ್ ಪೆನ್‌ನ ಹೆಂಗ್ ಸಮ್ರಿನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಕಮ್ಯುನಿಸ್ಟ್ ಅಲ್ಲದ ದೇಶಗಳು ಹಾಗೆ ಮಾಡಿದ್ದು ಬಹಳ ಅಪರೂಪ. 1986ರಿಂದ 1993ರವರೆಗೆ ನಮ್ಮ ಪುರಾತತ್ವ ಇಲಾಖೆಯವರು ಅಂಕೋರ್ ವಾಟ್‌ನಲ್ಲಿ ದುರಸ್ತಿ ಕೆಲಸ ಮಾಡಿದರು. ಸುತ್ತ ನೆಲಬಾಂಬು, ಗೆರಿಲ್ಲಾ ಭಯ ಇದ್ದ ಕಾಲ ಅದು. ಅವರು ಕಲ್ಲು ತೊಳೆದ ರೀತಿಯ ಬಗ್ಗೆ ಆಮೇಲೆ ಟೀಕೆ ಬಂತು. ಆದರೆ ಬೇರೆಯವರು ಹೋಗಲು ಒಪ್ಪದಿದ್ದಾಗ ಅವರು ಹೋಗಿದ್ದರು.

ಆಗಿನ ಹಳ್ಳಿ ಹೇಗಿತ್ತು? ಗಂಡಸರು ಕಡಿಮೆ, ವಿಧವೆಯರು ಜಾಸ್ತಿ. ಎತ್ತು, ಎಮ್ಮೆ ಸತ್ತಿದ್ದವು. ನೇಗಿಲು ಇರಲಿಲ್ಲ. ಸರ್ಕಾರ ಹತ್ತು ಹದಿನೈದು ಕುಟುಂಬಗಳನ್ನು ಸೇರಿಸಿ ಒಗ್ಗಟ್ಟಿನ ಗುಂಪು ಮಾಡಿ ಉಳಲು ಹೇಳಿತು. ಭೂಮಿ ಸರ್ಕಾರದ್ದೇ. ಕಾಗದದ ಮೇಲೆ ಇದು ಸಮಾಜವಾದ. ನೆಲದಲ್ಲಿ ಎತ್ತು ಇದ್ದವರು ಇಲ್ಲದವರ ಗದ್ದೆ ಉತ್ತರು, ಇಲ್ಲದವರು ಬದಲಿಗೆ ನಾಟಿಗೆ ಬಂದರು. ನಮ್ಮ ಮುಯ್ಯಾಳಿನ ಹಾಗೆ. ಖ್ಮೇರ್ ಹಳ್ಳಿಗಳಲ್ಲಿ ಈ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇತ್ತು. ಪೋಲ್ ಪಾಟ್ ನಂತರ ಅದು ಸತ್ತೇ ಹೋಯಿತು ಅಂತ ಕೆಲವರು ಬರೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಸತ್ತಿದ್ದರೆ ಆ ಹತ್ತು ವರ್ಷ ಜನ ಬದುಕುತ್ತಲೇ ಇರಲಿಲ್ಲ.

ಅದೇ ಹೊತ್ತಿಗೆ ಥಾಯ್ ಗಡಿಯಲ್ಲಿ ಯುದ್ಧ ನಡೆದೇ ಇತ್ತು. ಖ್ಮೇರ್ ರೂಜ್ ಒಳಗೆ ಬರದಂತೆ ಸರ್ಕಾರ 1984ರಿಂದ ಕೆ5 ಅನ್ನುವ ಯೋಜನೆಯಲ್ಲಿ ಗಡಿಯುದ್ದಕ್ಕೂ ನೆಲಬಾಂಬು ಹೂತಿತು. ಸುಮಾರು 700 ಕಿಲೋಮೀಟರ್ ಉದ್ದದ ಪಟ್ಟಿ ಅದು. ಆ ಕೆಲಸಕ್ಕೆ ಹಳ್ಳಿಯವರನ್ನೇ ಹಿಡಿದು ಒಯ್ದರು. ಮಲೇರಿಯಾದಿಂದ ಸತ್ತವರು, ಕಾಲು ಕಳೆದುಕೊಂಡವರು ಸಾವಿರಾರು. ಎದುರಿನವರೂ ಬಾಂಬು ಹೂತರು. ಯಾರೂ ನಕ್ಷೆ ಇಟ್ಟುಕೊಳ್ಳಲಿಲ್ಲ. 1979ರಿಂದ ಇಲ್ಲಿಯವರೆಗೆ ನೆಲಬಾಂಬು, ಸಿಡಿಯದೆ ಉಳಿದ ಗುಂಡುಗಳಿಂದ ಸತ್ತವರು 19,000ಕ್ಕೂ ಹೆಚ್ಚು, ಗಾಯಗೊಂಡವರು 45,000ದಷ್ಟು. 1996ರಲ್ಲಿ ಒಂದೇ ವರ್ಷಕ್ಕೆ 4,000ಕ್ಕೂ ಹೆಚ್ಚು ಜನ ಬಲಿಯಾದರು ಇಲ್ಲವೇ ಊನರಾದರು. ಈಗ ವರ್ಷಕ್ಕೆ ನೂರರೊಳಗೆ ಬಂದಿದೆ. ಬಾಂಬಿನ ವಾಸನೆ ಹಿಡಿಯಲು ಕಲಿಸಿದ ಆಫ್ರಿಕಾದ ದೊಡ್ಡ ಇಲಿಗಳೂ ಈ ಕೆಲಸದಲ್ಲಿವೆ. ಅವುಗಳಲ್ಲಿ ಮಗಾವಾ ಅನ್ನುವ ಇಲಿಗೆ 2020ರಲ್ಲಿ ಶೌರ್ಯದ ಚಿನ್ನದ ಪದಕ ಬಂದಾಗ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು.

ನೆಲ ಹಂಚಿದರು, ನೆಲ ಮಾರಿದರು

1989ರಲ್ಲಿ ವಿಯೆಟ್ನಾಂ ಸೇನೆ ವಾಪಸ್ ಹೋಯಿತು. ಅದೇ ವರ್ಷ ಸರ್ಕಾರ ಸಮಾಜವಾದ ಬಿಟ್ಟು ರೈತರಿಗೆ ಭೂಮಿ ಹಂಚಿತು. ಮನೆಯಲ್ಲಿ ಎಷ್ಟು ಜನ, ನೆಲ ಎಂಥದ್ದು ಅಂತ ನೋಡಿ ತುಂಡು ತುಂಡಾಗಿ ಕೊಟ್ಟರು. ಖ್ಮೇರ್ ರೈತರ ಇತ್ತೀಚಿನ ಇತಿಹಾಸದಲ್ಲಿ ಇಷ್ಟು ಸಮನಾಗಿ ಹಂಚಿದ್ದು ಇದೊಂದೇ ಸಲ. ಆದರೆ ಪತ್ರ ಕೊಡಲು ಆಗಲಿಲ್ಲ. ಅಳೆಯುವವರು ಇರಲಿಲ್ಲ, ಹಳೆಯ ನಕ್ಷೆ ಇರಲಿಲ್ಲ. ಲಕ್ಷಗಟ್ಟಲೆ ಅರ್ಜಿ ಬಂದವು, ಬಹುಪಾಲು ಕಚೇರಿಗಳಲ್ಲೇ ಧೂಳು ತಿಂದವು. ರಾಜಧಾನಿಯಲ್ಲಿ ಮಾತ್ರ ಒಳಗಿನ ಸುದ್ದಿ ಗೊತ್ತಿದ್ದ ಅಧಿಕಾರಿಗಳು, ಸೇನೆಯವರು ಒಳ್ಳೊಳ್ಳೆ ಜಾಗ ಬರೆಸಿಕೊಂಡರು.

1991ರ ಅಕ್ಟೋಬರ್ 23ರಂದು ಪ್ಯಾರಿಸ್ ಒಪ್ಪಂದ ಆಯಿತು. ವಿಶ್ವಸಂಸ್ಥೆಯೇ ಬಂದು ಆಡಳಿತ ನೋಡಿಕೊಂಡು 1993ರ ಮೇ ತಿಂಗಳಲ್ಲಿ ಚುನಾವಣೆ ಮಾಡಿಸಿತು. ಭಾರತದ ಸೈನಿಕರೂ ಆ ಶಾಂತಿಪಡೆಯಲ್ಲಿದ್ದರು. ಖ್ಮೇರ್ ರೂಜ್ ಬೆದರಿಕೆ ಇದ್ದರೂ ಸುಮಾರು 90% ಜನ ಬಂದು ಮತ ಹಾಕಿದರು. ಅಷ್ಟು ಧೈರ್ಯ ತೋರಿದ ಜನರಿಗೆ ಸಿಕ್ಕಿದ್ದೇನು? ಸೋತ ಪ್ರಧಾನಿ ಹುನ್ ಸೇನ್ ಪಕ್ಷ ಅಧಿಕಾರ ಬಿಡಲು ಒಪ್ಪಲಿಲ್ಲ. ಗೆದ್ದ ಸಿಹಾನೂಕ್ ಮಗ ರಾಜಕುಮಾರ ರಣರಿದ್ಧ್ ಮೊದಲ ಪ್ರಧಾನಿ, ಹುನ್ ಸೇನ್ ಎರಡನೇ ಪ್ರಧಾನಿ ಅಂತ ರಾಜಿಯಾಯಿತು. 1997ರ ಜುಲೈನಲ್ಲಿ ರಸ್ತೆಯಲ್ಲಿ ಟ್ಯಾಂಕ್ ಇಳಿಸಿ ಆ ರಾಜಿಯೂ ಮುಗಿಯಿತು. 1985ರಿಂದಲೇ ಪ್ರಧಾನಿಯಾಗಿದ್ದ ಹುನ್ ಸೇನ್ 2023ರವರೆಗೆ ಕುರ್ಚಿ ಬಿಡಲಿಲ್ಲ. ಬಿಟ್ಟಾಗ ಮಗ ಹುನ್ ಮಾನೆಟ್ ಕೂತರು.

ಗಡಿಯ ನಿರಾಶ್ರಿತರ ಶಿಬಿರಗಳಿಂದ 1992–93ರಲ್ಲಿ ಸುಮಾರು 3.6 ಲಕ್ಷ ಜನ ವಾಪಸ್ ಬಂದರು. ಮೊದಲು ಅವರಿಗೆ ಎರಡು ಹೆಕ್ಟೇರ್ ಜಮೀನು ಕೊಡುತ್ತೇವೆ ಅಂದಿದ್ದರು. ಬಾಂಬು ಇಲ್ಲದ ಖಾಲಿ ನೆಲ ಸಿಗಲಿಲ್ಲ. ಕೊನೆಗೆ ಹೆಚ್ಚಿನವರು ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 25 ಡಾಲರ್ ತೆಗೆದುಕೊಂಡು ನೆಂಟರ ಊರು ಹುಡುಕಿ ಹೋದರು. ಹತ್ತು ವರ್ಷ ಶಿಬಿರದಲ್ಲಿ ಪಡಿತರ ತಿಂದು ಬೆಳೆದ ಹುಡುಗರಿಗೆ ನಾಟಿ ಮಾಡುವುದೂ ಗೊತ್ತಿರಲಿಲ್ಲ. ಈ ಕುಟುಂಬಗಳು ಇವತ್ತಿಗೂ ಭೂಮಿ ಇಲ್ಲದವರ ಸಾಲಿನಲ್ಲಿ ಹೆಚ್ಚಾಗಿ ಸಿಗುತ್ತವೆ.

2001ರಲ್ಲಿ ಭೂ ಕಾನೂನು ಬಂತು. ಐದು ವರ್ಷ ತಕರಾರಿಲ್ಲದೆ ಉಳುತ್ತಿದ್ದವರು ಪತ್ರ ಕೇಳಬಹುದು ಅಂತ ಅದರಲ್ಲಿದೆ. ಒಳ್ಳೆಯ ಕಾನೂನೇ. ಅದರಲ್ಲೇ ಇನ್ನೊಂದು ಭಾಗವೂ ಇದೆ: ಸರ್ಕಾರದ್ದು ಅನಿಸಿಕೊಂಡ ನೆಲವನ್ನು ಕಂಪನಿಗಳಿಗೆ 10,000 ಹೆಕ್ಟೇರ್‌ವರೆಗೆ, 99 ವರ್ಷದವರೆಗೆ ಗುತ್ತಿಗೆ ಕೊಡಬಹುದು. ಯಾವುದು ಸರ್ಕಾರದ್ದು, ಯಾವುದು ರೈತರದ್ದು? ದಾಖಲೆ ಸುಟ್ಟುಹೋದ ದೇಶದಲ್ಲಿ ಇದನ್ನು ತೀರ್ಮಾನಿಸುವವನು ಅಧಿಕಾರದಲ್ಲಿರುವವನೇ. ಕಬ್ಬು, ರಬ್ಬರ್, ಮರಗೆಣಸು ಬೆಳೆಯುವ ಕಂಪನಿಗಳಿಗೆ 20 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಹೋಯಿತು. ಎಷ್ಟೋ ಕಡೆ ಅಲ್ಲಿ ಊರಿತ್ತು, ಗದ್ದೆ ಇತ್ತು, ಮೂಲನಿವಾಸಿಗಳ ಕಾಡಿತ್ತು.

ಫ್ನೋಮ್ ಪೆನ್‌ನ ನಡುವೆ ಬೋಂಗ್ ಕಾಕ್ ಅನ್ನುವ ಕೆರೆ ಇತ್ತು. 2007ರಲ್ಲಿ ಕೆರೆ ಮತ್ತು ಸುತ್ತಲಿನ 133 ಹೆಕ್ಟೇರ್ ಜಾಗವನ್ನು ಆಳುವ ಪಕ್ಷದ ಸೆನೆಟರ್ ಒಬ್ಬರ ಕಂಪನಿಗೆ 99 ವರ್ಷಕ್ಕೆ ಬರೆದುಕೊಟ್ಟರು. ಕೆರೆಗೆ ಮರಳು ತುಂಬಿದರು. ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡವು. ಇವರಲ್ಲಿ ಬಹಳ ಜನ 1979ರ ನಂತರ ಖಾಲಿ ನಗರಕ್ಕೆ ಬಂದು ನೆಲೆಸಿದವರು. ಪತ್ರ ಕೊಡುವ ಯೋಜನೆಗೆ ವಿಶ್ವಬ್ಯಾಂಕ್ ದುಡ್ಡು ಕೊಟ್ಟಿತ್ತು. ಆ ಯೋಜನೆಯಿಂದಲೇ ಇವರನ್ನು ಹೊರಗಿಟ್ಟರು. ಹೋರಾಟಕ್ಕೆ ಇಳಿದದ್ದು ಮುಖ್ಯವಾಗಿ ಹೆಂಗಸರು. ಪೊಲೀಸರು ಹೆಂಗಸರನ್ನು ಹೊಡೆಯಲು ಹಿಂಜರಿಯುತ್ತಾರೆ ಅನ್ನುವ ಲೆಕ್ಕ ಅವರದ್ದು. 2012ರ ಮೇನಲ್ಲಿ 13 ಹೆಂಗಸರಿಗೆ ಎರಡೂವರೆ ವರ್ಷ ಜೈಲು ಶಿಕ್ಷೆಯಾಯಿತು. ಗಲಾಟೆ ದೊಡ್ಡದಾಗಿ ಒಂದು ತಿಂಗಳ ನಂತರ ಬಿಡುಗಡೆ ಮಾಡಿದರು. ಇವರ ದೂರಿನ ಮೇಲೆ ತನಿಖೆ ನಡೆದು ವಿಶ್ವಬ್ಯಾಂಕ್ ಕಾಂಬೋಡಿಯಾಕ್ಕೆ ಹೊಸ ಸಾಲವನ್ನು ಹಲವು ವರ್ಷ ನಿಲ್ಲಿಸಿತು.

ಖ್ಮೇರ್ ಜನ ಹುಟ್ಟಾ ವಿಧೇಯರು, ಬಗ್ಗಿ ನಡೆಯುವವರು ಅಂತ ಬರೆಯುವವರಿಗೆ ಈ ಹೆಂಗಸರನ್ನು ತೋರಿಸಬೇಕು ಅನಿಸುತ್ತದೆ. ಹೆದರಿಕೆ ಅವರ ಸ್ವಭಾವವಲ್ಲ. ಹೆದರಿಸಿದವರು ಇದ್ದರು, ಇದ್ದಾರೆ.

ಪತ್ರ ಕೈಗೆ ಬಂತು, ಅಡಕ್ಕೆ ಹೋಯಿತು

ನೆಲದ ಸಿಟ್ಟು ಹೆಚ್ಚಿದ್ದರಿಂದ 2012ರಲ್ಲಿ ಹುನ್ ಸೇನ್ ಹೊಸ ಗುತ್ತಿಗೆಗಳನ್ನು ನಿಲ್ಲಿಸಿದರು. ಸಮವಸ್ತ್ರ ತೊಟ್ಟ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳಿಸಿ ಜಿಪಿಎಸ್‌ನಿಂದ ಜಮೀನು ಅಳೆಸಿ ಪತ್ರ ಕೊಡಿಸಿದರು. ಅದೇ ಕಾಲಕ್ಕೆ ಕಿರುಸಾಲದ ಸಂಸ್ಥೆಗಳು ಬೆಳೆಯುತ್ತಿದ್ದವು.

ಈ ಸಂಸ್ಥೆಗಳು ಶುರುವಾದದ್ದು 1990ರ ದಶಕದಲ್ಲಿ, ಬ್ಯಾಂಕೇ ಇಲ್ಲದ ಹಳ್ಳಿಗೆ ನೆರವಾಗುವ ಸೇವಾ ಸಂಸ್ಥೆಗಳಾಗಿ. ಯುದ್ಧದಿಂದ ವಾಪಸ್ ಬಂದವರಿಗೆ ಸಣ್ಣ ವ್ಯಾಪಾರ ಕಲಿಸಲು 1993ರಲ್ಲಿ ಹುಟ್ಟಿದ ಅಕ್ಲೀಡಾ ಇವತ್ತು ದೇಶದ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಲಾಭ ಕಂಡ ಮೇಲೆ ಥಾಯ್, ಕೊರಿಯಾ ಬ್ಯಾಂಕುಗಳು ಬಂದು ದೊಡ್ಡ ಸಂಸ್ಥೆಗಳನ್ನು ಕೊಂಡವು. ಗುಂಪು ಸಾಲ ಹಿಂದೆ ಸರಿಯಿತು, ಜಮೀನಿನ ಪತ್ರ ಇಟ್ಟು ಕೊಡುವ ಸಾಲ ಮುಂದೆ ಬಂತು. ಕೋವಿಡ್‌ಗೆ ಮುಂಚೆಯೇ ಸರಾಸರಿ ಸಾಲ 3,500 ಡಾಲರ್ ದಾಟಿತ್ತು. ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ಕೂಲಿ ಆಗ ತಿಂಗಳಿಗೆ 190 ಡಾಲರ್ ಆಸುಪಾಸು. 1.7 ಕೋಟಿ ಜನಸಂಖ್ಯೆಯ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಸಾಲಗಾರರು. ಹತ್ತು ಲಕ್ಷಕ್ಕೂ ಹೆಚ್ಚು ಜಮೀನು ಪತ್ರಗಳು ಅಡ ಬಿದ್ದಿವೆ ಅಂತ ಅಲ್ಲಿನ ಮಾನವ ಹಕ್ಕು ಸಂಘಟನೆ ಲಿಕಾಡೋ 2019ರಲ್ಲಿ ಅಂದಾಜು ಮಾಡಿತು. 2017ರಲ್ಲಿ ಸರ್ಕಾರ ವರ್ಷಕ್ಕೆ 18% ಬಡ್ಡಿಯ ಮಿತಿ ಹಾಕಿತು. ಆಗ ಸಣ್ಣ ಸಾಲ ಕೊಡುವುದು ಲಾಭವಿಲ್ಲ ಅಂತ ಸಂಸ್ಥೆಗಳು ದೊಡ್ಡ ಸಾಲದ ಕಡೆ ಹೋದವು, ಮೇಲಿಂದ ಶುಲ್ಕ ಸೇರಿಸಿದವು.

ಕಂತು ತಪ್ಪಿದಾಗ ಕೋರ್ಟಿಗೆ ಹೋಗುವುದು ಕಡಿಮೆ. ಸಾಲದ ಅಧಿಕಾರಿ ಊರಿನ ಮುಖಂಡನ ಜೊತೆ ಮನೆಗೆ ಬರುತ್ತಾನೆ. ಜಮೀನು ನೀವೇ ಮಾರಿ ಸಾಲ ತೀರಿಸಿ ಅನ್ನುತ್ತಾನೆ. ಮಾರಾಟ ಕಾಗದದಲ್ಲಿ ಸ್ವಂತ ಇಚ್ಛೆಯಿಂದ ಮಾಡಿದ್ದು. ಹಾಗಾಗಿ ಎಷ್ಟು ಜಮೀನು ಸಾಲಕ್ಕೆ ಹೋಯಿತು ಅನ್ನುವುದು ಸರ್ಕಾರಿ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಫ್ನೋಮ್ ಪೆನ್ ಸುತ್ತಲಿನ ಇಟ್ಟಿಗೆ ಗೂಡುಗಳಲ್ಲಿ ಇನ್ನೂ ಕೆಟ್ಟ ಸ್ಥಿತಿ. ಗೂಡಿನ ಮಾಲೀಕ ರೈತನ ಹಳೆಯ ಸಾಲ ತೀರಿಸುತ್ತಾನೆ, ರೈತ ಹೆಂಡತಿ ಮಕ್ಕಳ ಸಮೇತ ಗೂಡಿಗೆ ಬಂದು ಜೀತಕ್ಕೆ ಕೂರುತ್ತಾನೆ. ಆ ಗೂಡುಗಳಲ್ಲಿ ಗಾರ್ಮೆಂಟ್ಸ್‌ನ ಚಿಂದಿ ಬಟ್ಟೆಯನ್ನೇ ಉರಿಸುತ್ತಾರೆ. ಬರ, ನೆರೆ ಜಾಸ್ತಿಯಾದ ಮೇಲೆ ಇಂಥವರ ಸಂಖ್ಯೆ ಏರಿದೆ.

ಸಾಲ ಮಾಡುವುದು ಯಾಕೆ ಅಂದರೆ, ಬಿತ್ತನೆಗೆ ಮಾತ್ರ ಅಲ್ಲ. ಕಾಯಿಲೆಗೆ. ಹಳೆಯ ಸಾಲ ತೀರಿಸಲಿಕ್ಕೆ. ಕಾಯಿಲೆಯ ಮಾತು ಬಂದಾಗ ಮತ್ತೆ ಯುದ್ಧದ ಹತ್ತಿರವೇ ಬರುತ್ತೇವೆ.

ಡಾಕ್ಟರು, ಮೇಷ್ಟ್ರು, ಮನಸ್ಸು

1975ಕ್ಕೆ ಮುಂಚೆ ದೇಶದಲ್ಲಿ ಸುಮಾರು 500 ವೈದ್ಯರಿದ್ದರು. 1979ರಲ್ಲಿ ಉಳಿದವರು 50ರೊಳಗೆ. ಆ ಜಾಗವನ್ನು ತುಂಬಿದವರು ಶಿಬಿರದಲ್ಲಿ, ಸೇನೆಯಲ್ಲಿ ಅಷ್ಟಿಷ್ಟು ಕಲಿತವರು. ಲೈಸೆನ್ಸ್ ಇಲ್ಲದಿದ್ದರೂ ರಾತ್ರಿ ಕರೆದರೆ ಬರುತ್ತಾರೆ, ದುಡ್ಡು ಆಮೇಲೆ ಕೊಟ್ಟರೂ ನಡೆಯುತ್ತದೆ. ಜನ ಅವರನ್ನು ನಂಬಿದ್ದು ತಪ್ಪು ಅನ್ನಲಾರೆ. 2014ರ ಕೊನೆಯಲ್ಲಿ ಬಟ್ಟಂಬಾಂಗ್‌ನ ರೋಕಾ ಅನ್ನುವ ಊರಲ್ಲಿ ಇಂಥ ಒಬ್ಬನ ಸೂಜಿಯಿಂದ 200ಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಬಂತು. ಮಕ್ಕಳು, ಮುದುಕರು, ಭಿಕ್ಷುಗಳು ಕೂಡ. ಅವನಿಗೆ 25 ವರ್ಷ ಜೈಲಾಯಿತು. ಅವನೊಬ್ಬನೇ ಅಪರಾಧಿಯಾ ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ.

ಶಾಲೆಯ ಕತೆಯೂ ಹೀಗೇ. ಶಿಕ್ಷಕರಲ್ಲಿ ಮುಕ್ಕಾಲು ಪಾಲು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ಜಾಸ್ತಿ ಗೊತ್ತಿದ್ದವರು ಕಡಿಮೆ ಗೊತ್ತಿದ್ದವರಿಗೆ, ಕಡಿಮೆ ಗೊತ್ತಿದ್ದವರು ಏನೂ ಗೊತ್ತಿಲ್ಲದವರಿಗೆ ಕಲಿಸಿ ಅಂತ ಸರ್ಕಾರ ಕರೆ ಕೊಟ್ಟಿತು. ಜನ ಹಾಗೇ ಮಾಡಿದರು. ಅದನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಶಾಂತಿ ಬಂದ ಮೇಲೂ ಶಿಕ್ಷಕರ ಸಂಬಳ ಹೊಟ್ಟೆ ತುಂಬುವಷ್ಟು ಏರಲಿಲ್ಲ. ಮೇಷ್ಟ್ರು ಮಕ್ಕಳಿಂದ ದಿನಾ ಚಿಲ್ಲರೆ ಎತ್ತುವುದು ಮಾಮೂಲಾಯಿತು. ಪರೀಕ್ಷೆಯಲ್ಲಿ ನಕಲು, ಲಂಚ ಬೆಳೆಯಿತು. 2014ರಲ್ಲಿ ಶಿಕ್ಷಣ ಸಚಿವ ಹಾಂಗ್ ಚುವೋನ್ ನರೋನ್ 12ನೇ ತರಗತಿಯ ಪರೀಕ್ಷೆಯಲ್ಲಿ ನಕಲು ಪೂರ್ತಿ ನಿಲ್ಲಿಸಿದರು. ಹಿಂದಿನ ವರ್ಷ 87% ಇದ್ದ ಪಾಸು 26%ಕ್ಕೆ ಇಳಿಯಿತು. ಒಂದು ಇಡೀ ಪೀಳಿಗೆಗೆ ಶಾಲೆ ಏನು ಕೊಟ್ಟಿತ್ತು ಅನ್ನುವುದು ಆ ಒಂದು ಅಂಕಿಯಲ್ಲಿ ಕಾಣುತ್ತದೆ.

ಮನಸ್ಸಿನ ಗಾಯದ ಬಗ್ಗೆ ಅಲ್ಲಿನ ಮನೋವೈದ್ಯ ಡಾ. ಚಿಮ್ ಸೊಥೇರಾ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರಿಗೆ 2022ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೇರೆ ದೇಶದ ಪಟ್ಟಿ ಹಿಡಿದು ಲಕ್ಷಣ ಹುಡುಕಿದರೆ ಖ್ಮೇರರ ನೋವಿನ ಒಂದು ಮುಖ್ಯ ಭಾಗ ತಪ್ಪಿಹೋಗುತ್ತದೆ ಅನ್ನುವುದು ಅವರು ತೋರಿಸಿಕೊಟ್ಟ ವಿಷಯ. ಕೆಟ್ಟ ಕನಸು, ಬೆಚ್ಚಿಬೀಳುವುದು ಇದೆ, ನಿಜ. ಅದಕ್ಕಿಂತ ಆಳದಲ್ಲಿ ಎದುರು ಮಾತಾಡುವ ಶಕ್ತಿಯೇ ಕುಂದಿರುತ್ತದೆ. ಯಾರನ್ನೂ ನಂಬದೆ, ಸುಮ್ನೆ ತಲೆ ತಗ್ಗಿಸಿ ಇದ್ದುಬಿಡುವುದು. ಹತ್ತಿರ ಬಂದು ಗಟ್ಟಿಯಾಗಿ ಮಾತಾಡುವ ಸಾಲದ ಅಧಿಕಾರಿಯ ಮುಂದೆ ಇಂಥವರು ಹೇಗೆ ನಿಲ್ಲುತ್ತಾರೆ, ಯೋಚಿಸಿ.

ನ್ಯಾಯ ಸಿಕ್ಕಿತಾ? ವಿಶ್ವಸಂಸ್ಥೆ ಬೆಂಬಲದ ವಿಶೇಷ ನ್ಯಾಯಾಲಯ 2006ರಲ್ಲಿ ಶುರುವಾಯಿತು. ಅಷ್ಟರಲ್ಲಿ ಪೋಲ್ ಪಾಟ್ 1998ರಲ್ಲೇ ಸತ್ತಿದ್ದ. ಹದಿನಾರು ವರ್ಷ, 30 ಕೋಟಿ ಡಾಲರಿಗೂ ಹೆಚ್ಚು ಖರ್ಚು, ಕೊನೆಗೆ ಶಿಕ್ಷೆ ಖಾಯಂ ಆದದ್ದು ಮೂವರ ಮೇಲೆ ಅನ್ನಬಹುದು: ಎಸ್-21 ಜೈಲಿನ ಮುಖ್ಯಸ್ಥ ಡುಚ್, ಪೋಲ್ ಪಾಟ್‌ನ ಬಲಗೈ ನುವೋನ್ ಚೆಯಾ, ಆಗಿನ ರಾಷ್ಟ್ರಾಧ್ಯಕ್ಷ ಖಿಯು ಸಂಫಾನ್. ಇದು ಕಡಿಮೆ ಅಂತ ಬೈಯುವವರು ಬಹಳ. ಆದರೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಸ್ಸಿನಲ್ಲಿ ಬಂದು ಕೂತು ವಿಚಾರಣೆ ನೋಡಿದರು. ಬಲವಂತದ ಮದುವೆ ಅಪರಾಧ ಅಂತ 2018ರಲ್ಲಿ ತೀರ್ಪು ಬಂತು. ನಾಚಿಕೆಯಿಂದ ನಲವತ್ತು ವರ್ಷ ಬಾಯಿ ಬಿಡದಿದ್ದ ಹೆಂಗಸರು ಸಾಕ್ಷಿ ಹೇಳಿದರು. ನನಗೆ ಅದು ಸಣ್ಣದಲ್ಲ.

ಈಗಿನ ಲೆಕ್ಕ

ದೇಶ ಬೆಳೆದಿಲ್ಲ ಅಂತಲ್ಲ. ಕೋವಿಡ್‌ಗೆ ಮುಂಚಿನ ಎರಡು ದಶಕ ವರ್ಷಕ್ಕೆ 7%ಕ್ಕೂ ಹೆಚ್ಚು ಬೆಳವಣಿಗೆ ಇತ್ತು. 2009ರಲ್ಲಿ ಮೂವರಲ್ಲಿ ಒಬ್ಬರು ಬಡತನದ ಗೆರೆಯ ಕೆಳಗಿದ್ದರು. 2019–20ರಲ್ಲಿ ಅದು 17.8%ಕ್ಕೆ ಬಂತು. ತಾಯಂದಿರ, ಮಕ್ಕಳ ಸಾವು ಬಹಳ ಇಳಿದಿದೆ. ಹಳ್ಳಿಗೆ ಕರೆಂಟು, ರಸ್ತೆ ಬಂದಿವೆ. ಆದರೆ ಗೆರೆ ದಾಟಿದವರಲ್ಲಿ ಹೆಚ್ಚಿನವರು ಗೆರೆಯ ಪಕ್ಕದಲ್ಲೇ ನಿಂತಿದ್ದಾರೆ. ಒಂದು ಆಪರೇಷನ್, ಒಂದು ಬರ, ಒಂದು ಫ್ಯಾಕ್ಟರಿ ಮುಚ್ಚಿದರೆ ಮತ್ತೆ ಕೆಳಗೆ.

ಅಧಿಕಾರದ ನೆರಳಲ್ಲಿ ಏನು ಬೇಕಾದರೂ ನಡೆಯುತ್ತದೆ ಅನ್ನುವ ಪದ್ಧತಿಯ ಇನ್ನೊಂದು ಫಲ ನಮ್ಮ ಮನೆಯವರೆಗೂ ಬಂದಿದೆ. ಸಿಹಾನೂಕ್‌ವಿಲ್ ಮುಂತಾದ ಕಡೆ ಕ್ಯಾಸಿನೊ ಕಟ್ಟಡಗಳು ಆನ್‌ಲೈನ್ ವಂಚನೆಯ ಕೋಟೆಗಳಾದವು. 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಕಾಂಬೋಡಿಯಾದಲ್ಲೇ ಸುಮಾರು ಒಂದು ಲಕ್ಷ ಜನರನ್ನು ಬಲವಂತದಿಂದ ಈ ಕೆಲಸಕ್ಕೆ ಹಚ್ಚಿರಬಹುದು ಅಂದಿತು. ಒಳ್ಳೆಯ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿರುವುದಾಗಿ ನಮ್ಮ ವಿದೇಶಾಂಗ ಇಲಾಖೆ 2024ರ ಮಾರ್ಚ್‌ನಲ್ಲಿ ಹೇಳಿತು. ಡಿಜಿಟಲ್ ಅರೆಸ್ಟ್ ಅಂತ ಬೆಂಗಳೂರಿನ ಹಿರಿಯರಿಗೂ ಬರುವ ಥರದ ಕರೆಗಳ ದೊಡ್ಡ ಪಾಲು ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ನ ಇಂಥ ಅಡ್ಡೆಗಳಿಂದ ಬರುತ್ತದೆ.

2025ರ ಜುಲೈನಲ್ಲಿ ಥಾಯ್ಲೆಂಡ್ ಜೊತೆ ಗಡಿ ಜಗಳ ಯುದ್ಧಕ್ಕೆ ತಿರುಗಿತು. ಐದು ದಿನದ ಗುಂಡಿನ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು ಮೂರು ಲಕ್ಷ ಜನ ಮನೆ ಬಿಟ್ಟರು. ಡಿಸೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಿತು. ಥಾಯ್ಲೆಂಡಿನಲ್ಲಿ ದುಡಿಯುತ್ತಿದ್ದ ಲಕ್ಷಗಟ್ಟಲೆ ಖ್ಮೇರ್ ಕಾರ್ಮಿಕರು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದರು. ಅವರಲ್ಲಿ ಬಹಳ ಜನ ಹೋಗಿದ್ದೇ ಸಾಲದ ಕಂತು ಕಟ್ಟಲಿಕ್ಕೆ. ಊರಲ್ಲಿ ಅಷ್ಟು ಜನರಿಗೆ ಕೆಲಸವಿಲ್ಲ, ಕಂತು ನಿಂತಿಲ್ಲ. ಗಡಿ ಪಕ್ಕದ ಹಳ್ಳಿಗಳವರಿಗೆ ಇನ್ನೊಂದು ಭಯ. ಹಳೆಯ ನೆಲಬಾಂಬು ತೆಗೆದು ಮುಗಿಸುವ ಗಡುವು ಇದ್ದದ್ದು ಇದೇ 2025ಕ್ಕೆ. ಅದು ತಪ್ಪಿತು. ಬಾಂಬು ತೆಗೆಯುವ ತಂಡಗಳು ಈಗ ಅದೇ ಗದ್ದೆಗಳಲ್ಲಿ ಹೊಸದಾಗಿ ಬಿದ್ದು ಸಿಡಿಯದೆ ಉಳಿದ ಗುಂಡುಗಳನ್ನೂ ಹುಡುಕುತ್ತಿವೆ.